ಕೂಸಿಗಿಂತ ಮೊದಲು ಮೂರು ಕುಲಾವಿ

ವಿಡಿಯೊ ಗೇಮ್ ಉದ್ಯಮದಲ್ಲಿ ಒಂದು ವಿಚಿತ್ರ ರೂಢಿ ಬೇರೂರಿದೆ. ಮೊದಲ ಆಟವು ಅಂಗಡಿಯ ಕಪಾಟನ್ನು ಸೇರುವ ಮುನ್ನವೇ ಅದರ ಎರಡನೆಯ, ಮೂರನೆಯ ಭಾಗಗಳೂ ಬರಲಿವೆಯೆಂದು ತಯಾರಕರು ಸಾರಿಬಿಡುತ್ತಾರೆ. ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಸುವುದೆಂದರೆ ಇದೇ. ಇಲ್ಲಿ ಕುಲಾವಿಗಳ ಸಂಖ್ಯೆ ಮೂರು.

ಅಮೆರಿಕದ ನ್ಯೂಜೆರ್ಸಿಯ ಮಜೆಸ್ಕೊ ಸಂಸ್ಥೆಯ ಅನುಭವವು ವರ್ತಕರ ಗಮನಕ್ಕೆ ಅರ್ಹವಾಗಿದೆ. ಅಗ್ಗದ ಆಟಗಳನ್ನು ಮಾರಿ ಬೆಳೆದಿದ್ದ ಈ ಸಂಸ್ಥೆ ಕ್ರಮೇಣ ಭಾರಿ ವೆಚ್ಚದ ಆಟಗಳಿಗೆ ಕೈಹಾಕಿತು. 2005ರ ಮೇ ತಿಂಗಳ ಕೊನೆಯಲ್ಲಿ ಅದು ಹೊರತಂದ ‘ಅಡ್ವೆಂಟ್ ರೈಸಿಂಗ್’ ಮೂರು ಭಾಗಗಳ ಸರಣಿಯ ಮೊದಲನೆಯದೆಂದೇ ಪ್ರಚಾರ ಪಡೆದಿತ್ತು. ಸಂಭಾಷಣೆಗೆ ಖ್ಯಾತ ಕಾದಂಬರಿಕಾರ ಆರ್ಸನ್ ಸ್ಕಾಟ್ ಕಾರ್ಡ್ ಅವರ ನೆರವು, ಹಿನ್ನೆಲೆಗೆ ದೊಡ್ಡ ವಾದ್ಯವೃಂದ, ಸಾಲದ್ದಕ್ಕೆ 10 ಲಕ್ಷ ಡಾಲರ್ ಬಹುಮಾನದ ಸ್ಪರ್ಧೆ! ಆದರೆ ಸರಕು ಪಕ್ವವಾಗಿರಲಿಲ್ಲ. ಸಂಗೀತವನ್ನು ಮೆಚ್ಚಿದ ವಿಮರ್ಶಕರೇ ಆಟದ ತಾಂತ್ರಿಕ ದೋಷಗಳನ್ನು ಎತ್ತಿ ತೋರಿಸಿದರು. ಮಾರಾಟ ನಿರೀಕ್ಷೆಯನ್ನು ಮುಟ್ಟಲಿಲ್ಲ. ಸ್ಪರ್ಧೆ ರದ್ದಾಯಿತು. ಅದೇ ಜುಲೈನಲ್ಲಿ ಸಂಸ್ಥೆಯ ಲಾಭದ ಅಂದಾಜು ನಷ್ಟದ ಅಂದಾಜಾಗಿ ಮಾರ್ಪಟ್ಟಿತು. ಮುಖ್ಯ ಕಾರ್ಯನಿರ್ವಾಹಕರು ಹುದ್ದೆಯನ್ನು ತೊರೆದರು. ಉಳಿದೆರಡು ಭಾಗಗಳು ಬರಲೇ ಇಲ್ಲ.

ಮುಂಗಡ ಯೋಜನೆಯ ಪರವಾದ ವಾದವನ್ನು ತಳ್ಳಿಹಾಕಲಾಗದು. ಒಮ್ಮೆ ರೂಪಿಸಿದ ತಂತ್ರಾಂಶ, ಪಾತ್ರಗಳ ಚಿತ್ರಗಳು ಮುಂದಿನ ಭಾಗಕ್ಕೂ ಒದಗುವುದರಿಂದ ವೆಚ್ಚ ತಗ್ಗುತ್ತದೆ. ಒಂದೇ ಅಚ್ಚಿನಿಂದ ಹಲವು ಬಿಡಿಭಾಗಗಳನ್ನು ತೆಗೆಯುವ ಕಾರ್ಖಾನೆಯವರಿಗೆ ಇದನ್ನು ವಿವರಿಸಬೇಕಿಲ್ಲ. ಆದರೆ ಯೋಜಿಸುವುದು ಕಾರ್ಖಾನೆಯೊಳಗಿನ ವಿಷಯ, ಘೋಷಿಸುವುದು ಗ್ರಾಹಕನಿಗೆ ಕೊಡುವ ವಾಗ್ದಾನ. ಕಥೆ ಅರ್ಧಕ್ಕೆ ನಿಲ್ಲುತ್ತದೆಂದು ಮೊದಲೇ ತಿಳಿದ ಗ್ರಾಹಕನು ಎಲ್ಲ ಭಾಗಗಳೂ ಬರಲೆಂದು ಕಾಯಬಹುದು. ಆತ ಕಾದಷ್ಟೂ ಮೊದಲ ಭಾಗದ ಬೆಲೆ ಇಳಿಯುತ್ತದೆ, ಅದರ ಆದಾಯವನ್ನೇ ನಂಬಿದ್ದ ಎರಡನೆಯ ಭಾಗಕ್ಕೆ ಬಂಡವಾಳ ಹುಟ್ಟುವುದಿಲ್ಲ. ನಂಬಿ ಪೂರ್ಣ ಬೆಲೆ ತೆತ್ತವನ ಕೈಯಲ್ಲಿ ಉಳಿಯುವುದು ಮುಗಿಯದ ಕಥೆ. 2008ರಲ್ಲಿ ಬಂದ ‘ಟೂ ಹ್ಯೂಮನ್’ ಕೂಡ ಮೂರು ಭಾಗಗಳೆಂದು ಸಾರಿ, ಒಂದಕ್ಕೇ ನಿಂತಿತು.

ಮಜೆಸ್ಕೊ ಕಥೆಗೆ ಇನ್ನೊಂದು ಮಗ್ಗುಲಿದೆ. 2006ರ ಆರಂಭದಲ್ಲಿ ದುಬಾರಿ ಆಟಗಳಿಂದ ಹಿಂದೆ ಸರಿಯುವುದಾಗಿ ಹೇಳಿದ ಸಂಸ್ಥೆ, ಅದೇ ವರ್ಷ ಜಪಾನಿನಲ್ಲಿ ತಯಾರಾದ ‘ಕುಕಿಂಗ್ ಮಾಮಾ’ ಎಂಬ ಪುಟ್ಟ ಆಟವನ್ನು ಅಮೆರಿಕದಲ್ಲಿ ಮಾರಾಟಕ್ಕಿಟ್ಟಿತು. ಅಂಗೈಯಲ್ಲಿ ಹಿಡಿಯುವ ಯಂತ್ರದಲ್ಲಿ ತರಕಾರಿ ಹೆಚ್ಚುವುದು, ಒಗ್ಗರಣೆ ಕೆದಕುವುದು, ಇಷ್ಟೇ ಆಟ. ಮಹಾಕಾವ್ಯದ ಗಾತ್ರದ ಕಥೆಯಿಲ್ಲ, ಲಕ್ಷ ಡಾಲರುಗಳ ಬಹುಮಾನವೂ ಇಲ್ಲ. ಜನ ಮುಗಿಬಿದ್ದು ಕೊಂಡರು. ಅದರ ಎರಡನೆಯ ಭಾಗ ಬಂದದ್ದು 2007ರಲ್ಲಿ, ಮೊದಲನೆಯದು ಮಾರಾಟವಾಗಿ ಹಣ ಕೈಸೇರಿದ ಮೇಲೆ.