ಹರಿದ ಟಿಕೇಟಿನ ಬೆಲೆ

ಹಳೆಯ ಆಟದ ಟಿಕೇಟುಗಳನ್ನು ಸಂಗ್ರಹಿಸುವವರು ಸಾಮಾನ್ಯವಾಗಿ ಹರಿಯದ ಪ್ರತಿಯನ್ನೇ ಬಯಸುತ್ತಾರೆ. ನಮ್ಮ ಅಭಿಪ್ರಾಯ ಬೇರೆ. ಹರಿಯದ ಟಿಕೇಟು ಬಹುಮಟ್ಟಿಗೆ ಪಂದ್ಯಕ್ಕೆ ಹೋಗದವನ ಟಿಕೇಟು; ಬಾಗಿಲಲ್ಲಿ ಅರ್ಧ ಹರಿದು ಕೈಗಿತ್ತ ಚೂರೇ ಸಾಕ್ಷಿ. 1947ರ ಏಪ್ರಿಲ್ 15ರಂದು ಜ್ಯಾಕಿ ರಾಬಿನ್ಸನ್ ಬ್ರೂಕ್ಲಿನ್‌ನಲ್ಲಿ ಕಣಕ್ಕಿಳಿದು ಅಮೆರಿಕದ ಬೇಸ್‌ಬಾಲಿನ ವರ್ಣಭೇದದ ಗೋಡೆ ಒಡೆದರಷ್ಟೆ. ಆ ದಿನದ ಅಂಥದೊಂದು ಚೂರು 2022ರಲ್ಲಿ 4,80,000 ಡಾಲರಿಗೆ ಹರಾಜಾಯಿತು.

ಮಣಲಿಯಲ್ಲಿರುವ ನಮಗೆ ಹತ್ತಿರದ್ದು ಚೆಪಾಕ್. ಭಾರತ ತನ್ನ ಮೊದಲ ಟೆಸ್ಟ್ ಗೆದ್ದದ್ದು ಅಲ್ಲಿಯೇ, 1952ರಲ್ಲಿ. 1986ರಲ್ಲಿ ಆಸ್ಟ್ರೇಲಿಯದೊಡನೆ ಟೈ ಆದದ್ದೂ ಅಲ್ಲಿಯೇ. ಆದರೆ ಕನ್ನಡಿಗರು ಮೊದಲು ಹುಡುಕಬೇಕಾದದ್ದು 1975ರ ಜನವರಿಯ ಟಿಕೇಟನ್ನು. ವೆಸ್ಟ್ ಇಂಡೀಸಿನ ಆಂಡಿ ರಾಬರ್ಟ್ಸ್ ಏಳು ವಿಕೆಟ್ ಕಿತ್ತ ಆ ಇನ್ನಿಂಗ್ಸಿನಲ್ಲಿ ತಂಡದ ಮೊತ್ತ 190. ಭದ್ರಾವತಿಯ ನಮ್ಮ ಜಿ. ಆರ್. ವಿಶ್ವನಾಥರದು ಅಜೇಯ 97. ಶತಕಕ್ಕೆ ಮೂರೇ ರನ್ ಬೇಕಿದ್ದಾಗ ಜೊತೆಯಾಟಗಾರರೇ ಉಳಿಯಲಿಲ್ಲ!

ಆ 97 ದಾಖಲೆಯ ಪುಸ್ತಕಗಳಲ್ಲಿ ಭದ್ರವಾಗಿದೆ. ಅದನ್ನು ಕಣ್ಣಾರೆ ಕಂಡ ಮದರಾಸಿನ ಕನ್ನಡಿಗರ ಲೆಕ್ಕ ಯಾವ ಪುಸ್ತಕದಲ್ಲಿದೆ? ಮನೆ ಬದಲಿಸುವಾಗ ಹಳೆಯ ಕಾಗದದವನ ತಕ್ಕಡಿ ಸೇರುವುದು ಇಂಥ ಚೂರುಗಳೇ. ಹಿರಿಯರು ಇರುವಾಗಲೇ ಪೆಟ್ಟಿಗೆ ತೆರೆಸಿ, ಯಾರು ಯಾರೊಡನೆ ಹೋಗಿದ್ದರೆಂಬುದನ್ನು ಚೂರಿನ ಹಿಂಬದಿಯಲ್ಲಿ ಪೆನ್ಸಿಲಿನಿಂದ ಬರೆಸಿಡಬೇಕು. ಹಾಗೆ ಬರೆದರೆ ಮಾರುಕಟ್ಟೆಯ ಬೆಲೆ ಇಳಿಯುತ್ತದಂತೆ, ಇಳಿಯಲಿ.