ಬ್ಯೂಟಿ ಪಾರ್ಲರ್ ಅಂದರೆ ಮೂಗು ಮುರಿಯುವವರಿಗೆ ನಾಲ್ಕು ಮಾತು

ಹತ್ತನೆಯ ತರಗತಿಯ ಫಲಿತಾಂಶ ಬಂದ ವಾರ ಅಕ್ಕಲಕೋಟ, ಜತ್ತ ಭಾಗದ ನಮ್ಮ ಕನ್ನಡ ಶಾಲೆಗಳ ಅಂಗಳದಲ್ಲಿ ಪ್ರತಿ ವರ್ಷ ಅದೇ ಮಾತು. ಗಂಡುಮಕ್ಕಳಿಗೆ ಫಿಟ್ಟರ್, ಎಲೆಕ್ಟ್ರಿಷಿಯನ್, ಡೀಸೆಲ್ ಮೆಕ್ಯಾನಿಕ್. ಹೆಣ್ಣುಮಕ್ಕಳಿಗೆ ಒಂದೋ ಹತ್ತಿರದ ಜೂನಿಯರ್ ಕಾಲೇಜಿನ ಕಲಾ ವಿಭಾಗ, ಇಲ್ಲವೇ ಮದುವೆ. ಯಾವಳಾದರೂ ಹುಡುಗಿ "ನಾ ಕಾಸ್ಮೆಟಾಲಜಿ ಕಲೀತೀನ್ರಿ ಸರ" ಅಂದಳೋ, ಮುಗಿಯಿತು. ಅಪ್ಪ ನಗುತ್ತಾನೆ, ಕಾಕಾ ಸಿಟ್ಟಾಗುತ್ತಾನೆ. ಕೆಲವು ಶಿಕ್ಷಕ ಬಂಧುಗಳು ಸಹ "ಹುಬ್ಬ ತಿದ್ದಾಕ ಹತ್ತನೇತ್ತಾ ಯಾಕ ಪಾಸಾಗಬೇಕವಾ?" ಎಂದು ಚಹಾ ಕುಡಿಯುತ್ತಾ ನಗುತ್ತಾರೆ.

ನಮ್ಮ ತಕರಾರು ಈ ನಗುವಿನ ಮೇಲೆ. ಅದರಲ್ಲಿ ಅಜ್ಞಾನವಿದೆ, ಜಾತಿಯ ವಾಸನೆ ಇದೆ, ಹೆಣ್ಣುಮಕ್ಕಳ ದುಡಿಮೆಯ ಬಗ್ಗೆ ತಾತ್ಸಾರವಿದೆ. ಒಂದೊಂದಾಗಿ ನೋಡೋಣ.

ಮೊದಲು ಅಜ್ಞಾನ. ಕಾಸ್ಮೆಟಾಲಜಿ ಎಂಬುದು ಐಟಿಐಗಳಲ್ಲಿ ಫಿಟ್ಟರ್, ವೆಲ್ಡರ್ ಇರುವ ಪಟ್ಟಿಯಲ್ಲೇ ಇರುವ ಒಂದು ಟ್ರೇಡ್. ಅವಧಿ 1 ವರ್ಷ. ಹತ್ತನೆಯ ತರಗತಿ ಪಾಸಾಗಿರಬೇಕು. ಕೊನೆಗೆ ಕೈಗೆ ಬರುವುದು ವೆಲ್ಡರ್ ಹುಡುಗನಿಗೆ ಬರುವ ಅದೇ ರಾಷ್ಟ್ರೀಯ ಟ್ರೇಡ್ ಸರ್ಟಿಫಿಕೇಟ್. ಹಾಗಿದ್ದ ಮೇಲೆ ಒಂದಕ್ಕೆ ಗೌರವ, ಇನ್ನೊಂದಕ್ಕೆ ನಗು ಯಾಕೆ?

ಅಲ್ಲಿ ಕಲಿಸುವುದಾದರೂ ಏನು? ನಮ್ಮ ಚರ್ಮಕ್ಕೆ ಹೊರಪದರ, ಒಳಪದರ, ಅದರ ಕೆಳಗೆ ಕೊಬ್ಬಿನ ಪದರ ಇವೆ. ಆರೋಗ್ಯವಂತ ಚರ್ಮದ ಮೇಲ್ಮೈ ತುಸು ಆಮ್ಲೀಯ, ಪಿಎಚ್ ಸುಮಾರು 5. ಬಟ್ಟೆ ಸಾಬೂನಿನದು 9-10ರ ಆಸುಪಾಸು. ಆ ಸಾಬೂನಿನಿಂದಲೇ ಮುಖ ತೊಳೆದರೆ ಚರ್ಮ ಯಾಕೆ ಬಿರಿಯುತ್ತದೆ ಎಂಬುದಕ್ಕೆ ಉತ್ತರ ಇಲ್ಲಿದೆ. ಕೂದಲು ಕೆರಟಿನ್ ಎಂಬ ಪ್ರೋಟೀನು. ಅದರ ಎಳೆಗಳನ್ನು ಗಂಧಕದ ಬಂಧಗಳು ಹಿಡಿದಿಟ್ಟಿರುತ್ತವೆ. ನೆಟ್ಟಗಿನ ಕೂದಲನ್ನು ಗುಂಗುರು ಮಾಡುವುದೆಂದರೆ ರಾಸಾಯನಿಕದಿಂದ ಆ ಬಂಧ ಬಿಡಿಸಿ, ಬೇಕಾದ ಆಕಾರ ಕೊಟ್ಟು, ಹೈಡ್ರೋಜನ್ ಪೆರಾಕ್ಸೈಡ್‌ನಿಂದ ಮತ್ತೆ ಕೂಡಿಸುವುದು. ಆಮ್ಲ, ಪ್ರತ್ಯಾಮ್ಲ, ಆಕ್ಸಿಡೀಕರಣ... ಬಾಲಭಾರತಿಯ ಕನ್ನಡ ವಿಜ್ಞಾನ ಪುಸ್ತಕ ಹಿಡಿದು ನಾವು ಬೋರ್ಡಿನ ಮೇಲೆ ಬರೆಯುವ ಪಾಠವೇ ಅಲ್ಲವೇ ಇದು?

ಕಲಿಯದವರ ಕೈಗೆ ಈ ಕೆಲಸ ಹೋದರೆ ಏನಾಗುತ್ತದೆ, ಅದನ್ನೂ ಕೇಳಿ. ಕೂದಲಿಗೆ ಹಚ್ಚುವ ಅನೇಕ ಕಪ್ಪು ಬಣ್ಣಗಳಲ್ಲಿ ಪಿಪಿಡಿ ಎಂಬ ರಾಸಾಯನಿಕ ಇರುತ್ತದೆ. ಕೆಲವರಿಗೆ ಅದು ಒಗ್ಗದೆ ಮುಖವೆಲ್ಲ ಊದಿಕೊಳ್ಳುತ್ತದೆ. ಅದಕ್ಕೇ 48 ಗಂಟೆ ಮೊದಲು ಚರ್ಮದ ಮೇಲೆ ಸ್ವಲ್ಪ ಹಚ್ಚಿ ಪರೀಕ್ಷೆ ಮಾಡಬೇಕು. ಒಬ್ಬರಿಗೆ ಬಳಸಿದ ಬ್ಲೇಡು ಇನ್ನೊಬ್ಬರಿಗೆ ಬಳಸಿದರೆ ಹೆಪಟೈಟಿಸ್-ಬಿಯಂಥ ರೋಗ ದಾಟಬಹುದು. ತಲೆ ತೊಳೆಯುವ ಬೇಸಿನ್ನಿನ ಮೇಲೆ ಕುತ್ತಿಗೆಯನ್ನು ಅತಿಯಾಗಿ ಹಿಂದಕ್ಕೆ ಬಾಗಿಸಿದರೆ ಮೆದುಳಿಗೆ ರಕ್ತ ಒಯ್ಯುವ ನಾಳಕ್ಕೆ ಪೆಟ್ಟಾಗಿ ಪಾರ್ಶ್ವವಾಯು ಬಡಿಯಬಹುದು ಎಂದು ಅಮೆರಿಕದ ನರರೋಗ ತಜ್ಞ ವೈನ್‌ಟ್ರಾಬ್ 1993ರಲ್ಲೇ ಬರೆದರು. ಈಗ ಹೇಳಿ, ಇದಕ್ಕೆ ಹತ್ತನೇ ಕ್ಲಾಸು ಬೇಡವೇ?

ಎರಡನೆಯದು ಜಾತಿಯ ವಾಸನೆ. "ಅದು ನಮ್ಮ ಮಂದಿ ಮಾಡೂ ಕೆಲಸಲ್ರಿ" ಎನ್ನುವ ಮಾತಿನ ಅರ್ಥ ಎಲ್ಲರಿಗೂ ಗೊತ್ತು. ಕತ್ತರಿ, ಬಾಚಣಿಗೆ ಹಿಡಿಯುವುದು ಒಂದು ಸಮಾಜದ ಪಾಲಿಗೆ ಬಿಟ್ಟ ಕೆಲಸ ಎಂದು ಇವರ ಭಾವನೆ. ಸ್ವಾಮಿ, ನಾವು ಬದುಕುತ್ತಿರುವುದು ಸೊನ್ನಲಿಗೆಯ ಸಿದ್ಧರಾಮರ ಜಿಲ್ಲೆಯ ನೆರಳಲ್ಲಿ. ಇಂದು ಕ್ಷೌರಿಕ ಸಮಾಜ ತಮ್ಮ ಗುರುವೆಂದು ಪೂಜಿಸುವ ಹಡಪದ ಅಪ್ಪಣ್ಣನವರು ಬಸವಣ್ಣನವರ ಆಪ್ತರಾಗಿದ್ದವರು. ಅವರ ಹೆಂಡತಿ ಲಿಂಗಮ್ಮ ವಚನ ಬರೆದವರು. ಮರಾಠಿಯವರು ಕೈಮುಗಿಯುವ ಸಂತ ಸೇನಾ ಮಹಾರಾಜರೂ ಕ್ಷೌರಿಕರೇ. ಬಸವ ಜಯಂತಿಯ ದಿನ ಕಾಯಕದ ಬಗ್ಗೆ ಅರ್ಧ ತಾಸು ಭಾಷಣ ಮಾಡಿ, ಮರುದಿನ ಮಗಳು ಕತ್ತರಿ ಹಿಡಿಯುತ್ತೇನೆ ಅಂದರೆ ಮಾನ ಹೋಯಿತು ಅನ್ನುವುದು ಯಾವ ಕಾಯಕ ತತ್ವ? ಇನ್ನೊಂದು ತಮಾಷೆ. ಅದೇ ಕೆಲಸ ಪುಣೆಯ ಗಾಜಿನ ಬಾಗಿಲ ಹಿಂದೆ ನಡೆದರೆ ಅದು "ಸಲೂನ್", ಮದುವೆ ಮನೆಗೆ ಕರೆಸಿದರೆ "ಮೇಕಪ್ ಆರ್ಟಿಸ್ಟ್ ಮೇಡಂ". ದುಡ್ಡು ಕೊಟ್ಟು ಕರೆಸಬಹುದು, ಕಲಿಸುವಂತಿಲ್ಲ!

ಮೂರನೆಯದು ಹೆಣ್ಣುಮಕ್ಕಳ ದುಡಿಮೆಯ ಬಗೆಗಿನ ತಾತ್ಸಾರ. ಇದು ನಮ್ಮ ಹಳ್ಳಿಗಷ್ಟೇ ಅಂಟಿದ ರೋಗವಲ್ಲ. ಮುಂಬಯಿ ಚಿತ್ರರಂಗದಲ್ಲಿ ದಶಕಗಳ ಕಾಲ ಹೆಂಗಸರು ಕೂದಲು ಬಾಚಬಹುದಿತ್ತು, ಮೇಕಪ್ ಕಲಾವಿದೆಯ ಕಾರ್ಡು ಮಾತ್ರ ಸಿಗುತ್ತಿರಲಿಲ್ಲ. ಅದು ಗಂಡಸರ ಕೆಲಸವಂತೆ! ಚಾರು ಖುರಾನಾ ಎಂಬ ಮೇಕಪ್ ಕಲಾವಿದೆ ಸುಪ್ರೀಂ ಕೋರ್ಟಿನ ತನಕ ಹೋದರು. 2014ರ ನವೆಂಬರ್ 10ರಂದು ನ್ಯಾಯಮೂರ್ತಿಗಳಾದ ದೀಪಕ್ ಮಿಶ್ರಾ ಮತ್ತು ಯು.ಯು. ಲಲಿತ್ ಅವರ ಪೀಠ ಆ ನಿಯಮವನ್ನು ಕಿತ್ತೆಸೆಯಿತು. ನೋಡಿ, ಹಣ ಮತ್ತು ಹೆಸರು ಇರುವ ಕಡೆ "ಇದು ಗಂಡಸರದು" ಅನ್ನುತ್ತಾರೆ. ಹಳ್ಳಿಯ ಹುಡುಗಿ ಕೇಳಿದಾಗ "ಇದು ಕೆಲಸವೇ ಅಲ್ಲ" ಅನ್ನುತ್ತಾರೆ. ಎರಡೂ ಒಂದೇ ಬಾಯಿಂದ ಬರುವ ಮಾತು.

ಹಾಗೆಂದು ಈ ರಂಗದಲ್ಲಿ ಎಲ್ಲವೂ ಚೆನ್ನ ಎಂದು ನಾವು ಹೇಳುತ್ತಿಲ್ಲ. ಮೋಸವೂ ಬೇಕಾದಷ್ಟಿದೆ. ಪಟ್ಟಣದಲ್ಲಿ ಬೋರ್ಡು ಹಾಕಿಕೊಂಡ ಕೆಲವು "ಅಕಾಡೆಮಿ"ಗಳು ಕೆಲವೇ ವಾರಗಳ ಕೋರ್ಸಿಗೆ ಹತ್ತಾರು ಸಾವಿರ ಕಿತ್ತು, "ಇಂಟರ್‌ನ್ಯಾಷನಲ್" ಎಂದು ಬರೆದ ಬಣ್ಣದ ಕಾಗದ ಕೊಡುತ್ತವೆ. ಪಾಲಕರು ಒಂದೇ ಪ್ರಶ್ನೆ ಕೇಳಲಿ: ಈ ಪ್ರಮಾಣಪತ್ರ ಕೊಡುವುದು ಯಾರು, ಸರಕಾರದ ಯಾವ ಮಾನ್ಯತೆ ಇದೆ? ಉತ್ತರ ತಡವರಿಸಿದರೆ ಎದ್ದು ಬನ್ನಿ.

ಬಿಳುಪಿನ ವ್ಯಾಪಾರ ಇನ್ನೊಂದು ಪೀಡೆ. 1975ರಲ್ಲಿ ಬಂದ "ಫೇರ್ ಅಂಡ್ ಲವ್ಲಿ" 2020ರಲ್ಲಿ ಹೆಸರು ಬದಲಿಸಿಕೊಂಡಿತು, ಆದರೆ ಬಿಳಿ ಬಣ್ಣದ ಹುಚ್ಚು ನಮ್ಮ ಸಂತೆಗಳಲ್ಲಿ ಕಡಿಮೆಯಾಗಿಲ್ಲ. ಲೇಬಲ್ಲೇ ಇಲ್ಲದ ಕ್ರೀಮುಗಳಲ್ಲಿ ಪಾದರಸ ಇರಬಹುದು. 2020ರ ಸೌಂದರ್ಯವರ್ಧಕ ನಿಯಮಗಳ ಪ್ರಕಾರ ಅದನ್ನು ಬೆರೆಸುವಂತಿಲ್ಲ. ಆದರೂ ಕೇರಳದ ಮಲಪ್ಪುರಂನಲ್ಲಿ ಇಂಥ ಕ್ರೀಮು ಹಚ್ಚಿದವರ ಮೂತ್ರಪಿಂಡ ಕೆಟ್ಟ ಪ್ರಕರಣಗಳು 2023ರಲ್ಲಿ ಸುದ್ದಿಯಾದವು. ಕಪ್ಪು ಹುಡುಗಿಯನ್ನು ಬಿಳಿ ಮಾಡುತ್ತೇನೆ ಎನ್ನುವವಳು ಕಾಸ್ಮೆಟಾಲಜಿಸ್ಟ್ ಅಲ್ಲ. "ತಂಗಿ, ಇದು ವಿಷ, ಹಚ್ಚಬ್ಯಾಡ" ಎಂದು ಹೇಳಬಲ್ಲವಳು ನಿಜವಾಗಿ ಕಲಿತವಳು. ಚರ್ಮದ ಕಾಯಿಲೆ ಕಂಡರೆ ಚರ್ಮರೋಗ ವೈದ್ಯರ ಕಡೆ ಕಳಿಸುವುದು ಸಹ ಅವಳ ವಿದ್ಯೆಯ ಭಾಗವೇ.

ದುಡಿಯುವವಳ ಆರೋಗ್ಯವನ್ನೂ ಮರೆಯಬಾರದು. ಕೈಗವಸು, ಗಾಳಿ ಆಡುವ ಕೋಣೆ, ಇವು ಶೋಕಿಯಲ್ಲ. ದಿನವಿಡೀ ನಿಂತು, ರಾಸಾಯನಿಕದ ವಾಸನೆ ಕುಡಿದು ಮಾಡುವ ಕೆಲಸವಿದು. ಇವನ್ನು ಕಲಿಸದ ಕಡೆ ಮಗಳನ್ನು ಸೇರಿಸಬೇಡಿ.

ಇನ್ನು ಮುಂದಿನ ದಾರಿಗಳು. ಐಟಿಐ ಮುಗಿಸಿದವಳು ಅಪ್ರೆಂಟಿಸ್ ಆಗಿ ಸಲೂನಿನಲ್ಲಿ ದುಡಿಯಬಹುದು. ಬೋಧನೆ ಇಷ್ಟವಿದ್ದರೆ ಇನ್ನೊಂದು ವರ್ಷದ ಬೋಧಕ ತರಬೇತಿ ಪಡೆದು ಐಟಿಐಯಲ್ಲೇ ಕಲಿಸಲು ಅರ್ಜಿ ಹಾಕಬಹುದು. ಮದುವೆ ಮೇಕಪ್, ನಾಟಕ, ಧಾರಾವಾಹಿ, ಸ್ಪಾ, ಕಂಪನಿಯ ಉತ್ಪನ್ನ ಪ್ರದರ್ಶನ, ಇವೆಲ್ಲ ಇವೆ. ಸ್ವಂತ ಅಂಗಡಿ ಹಾಕುವುದಾದರೆ ಮುದ್ರಾ ಯೋಜನೆಯ ಶಿಶು ವರ್ಗದಲ್ಲಿ 50,000 ರೂಪಾಯಿ ತನಕ, ಕಿಶೋರ ವರ್ಗದಲ್ಲಿ 5 ಲಕ್ಷದ ತನಕ ಸಾಲವಿದೆ. ಬ್ಯೂಟಿ ಪಾರ್ಲರಿಗೂ ಅದು ಸಿಗುತ್ತದೆ. ಹನ್ನೆರಡನೆಯದರಲ್ಲಿ ವಿಜ್ಞಾನ ಓದಿದವಳಿಗೆ ನಾಗಪುರದಲ್ಲಿ ಕಾಸ್ಮೆಟಿಕ್ ಟೆಕ್ನಾಲಜಿಯ ಪದವಿಯೇ ಇದೆ. ಅವಳು ಕ್ರೀಮು ಹಚ್ಚುವವಳಲ್ಲ, ಕ್ರೀಮು ತಯಾರಿಸುವವಳು.

ಗಡಿನಾಡಿನ ನಮ್ಮ ಮಕ್ಕಳಿಗೆ ಇಲ್ಲೊಂದು ಲಾಭವೂ ಇದೆ, ಒಂದು ನಷ್ಟವೂ ಇದೆ. ಕನ್ನಡ, ಮರಾಠಿ ಎರಡೂ ಬಾಯಲ್ಲಿರುವ ಹುಡುಗಿ ಸೋಲಾಪುರದಲ್ಲೂ ದುಡಿಯುತ್ತಾಳೆ, ವಿಜಯಪುರದಲ್ಲೂ ದುಡಿಯುತ್ತಾಳೆ. ಗಿರಾಕಿಯ ಜೊತೆ ಅವರ ಭಾಷೆಯಲ್ಲಿ ಮಾತಾಡುವುದು ಈ ಕೆಲಸದಲ್ಲಿ ಅರ್ಧ ಬಂಡವಾಳ. ನಷ್ಟವೆಂದರೆ ಪಾಠದ ಭಾಷೆ. ಹತ್ತು ವರ್ಷ ಕನ್ನಡದಲ್ಲಿ ವಿಜ್ಞಾನ ಓದಿದ ಮಗು ಐಟಿಐಗೆ ಹೋದಾಗ ಅವಳ ಮುಂದೆ ಇಂಗ್ಲಿಷ್ ಇಲ್ಲವೇ ಮರಾಠಿ ಪುಸ್ತಕ ಇಡುತ್ತಾರೆ. ಐಟಿಐಗಳಿಗೆ ಪುಸ್ತಕ ಬರೆಯಿಸುವ ಕೇಂದ್ರ ಸರಕಾರದ ಸಂಸ್ಥೆ ಚೆನ್ನೈನಲ್ಲಿದೆ. ಈ ಟ್ರೇಡಿನ ಕನ್ನಡ ಪುಸ್ತಕ ನಮ್ಮ ಗಡಿ ತಾಲೂಕುಗಳಿಗೆ ತಲುಪಲಿ ಎಂದು ಕೇಳುವುದು ಭಿಕ್ಷೆಯಲ್ಲ, ಹಕ್ಕು. ಕನ್ನಡ ಸಂಘಗಳು ರಾಜ್ಯೋತ್ಸವಕ್ಕೆ ಶಾಲು ಹೊದಿಸುವ ಖರ್ಚಿನಲ್ಲಿ ಒಂದು ಪಾಲು ಇದಕ್ಕೆ ಇಡಲಿ. ಅಲ್ಲಿಯ ತನಕ ಶಿಕ್ಷಕರಾದ ನಾವು ಮಾಡಬಹುದಾದ ಸಣ್ಣ ಕೆಲಸವಿದೆ: ಒಂಬತ್ತು, ಹತ್ತನೆಯ ತರಗತಿಯಲ್ಲಿ ಚರ್ಮ, ಪಿಎಚ್, ಪ್ರೋಟೀನು ಕಲಿಸುವಾಗ ಆ ಪದಗಳ ಇಂಗ್ಲಿಷ್, ಮರಾಠಿ ರೂಪವನ್ನೂ ಬೋರ್ಡಿನ ಮೂಲೆಯಲ್ಲಿ ಬರೆಯೋಣ.

ಪಾಲಕರೇ, ಈ ಕೆಲಸ ಎಲ್ಲ ಹುಡುಗಿಯರಿಗೂ ಎಂದು ನಾವು ಹೇಳುತ್ತಿಲ್ಲ. ಡಾಕ್ಟರಾಗುವವಳು ಡಾಕ್ಟರಾಗಲಿ, ಪಿಎಸ್‌ಐ ಆಗುವವಳು ಪಿಎಸ್‌ಐ ಆಗಲಿ. ಆದರೆ ಇದನ್ನೇ ಕಲಿಯುತ್ತೇನೆ ಎಂದು ಬಾಯಿ ಬಿಟ್ಟು ಕೇಳಿದವಳಿಗೆ ನಗುವಿನ ಉತ್ತರ ಕೊಟ್ಟು, ಹದಿನೆಂಟು ತುಂಬುವ ಮೊದಲೇ ವರ ನೋಡಲು ಹೊರಡಬೇಡಿ. ಐಟಿಐಯ ಆನ್‌ಲೈನ್ ಪ್ರವೇಶ ಶುರುವಾದಾಗ ಅವಳ ಜೊತೆ ಕುಳಿತು ಫಾರ್ಮ್ ತುಂಬಿಸಿ. ಜಿಲ್ಲೆಯ ಯಾವ ಐಟಿಐಯಲ್ಲಿ ಈ ಟ್ರೇಡ್ ಇದೆ ಎಂದು ಒಂದು ದಿನ ಬಸ್ಸು ಹತ್ತಿ ಹೋಗಿ ಕಣ್ಣಾರೆ ನೋಡಿ ಬನ್ನಿ. ಮಗನ ಡೀಸೆಲ್ ಮೆಕ್ಯಾನಿಕ್ ಸೀಟಿಗಾಗಿ ಹೋಗುವುದಿಲ್ಲವೇ? ಮಗಳಿಗೂ ಅಷ್ಟೇ ಮಾಡಿ. ಏನಂತೀರಿ?