ಗೆರೆಯ ನಯ, ನೆಲದ ನಿಜ

ಬಸವನಗುಡಿಯ ದಿಣ್ಣೆಯ ಮೇಲೆ ಬಿದ್ದ ಮಳೆ ಎರಡು ದಾರಿ ಹಿಡಿಯುತ್ತದೆ. ಪಶ್ಚಿಮಕ್ಕೆ ಇಳಿದ ನೀರು ವೃಷಭಾವತಿಯನ್ನು ಸೇರಿ, ಅರ್ಕಾವತಿಯ ಮೂಲಕ ಕಾವೇರಿಯ ಪಾಲಾಗುತ್ತದೆ. ಪೂರ್ವಕ್ಕೆ ಸರಿದ ನೀರು ತಗ್ಗಿನ ಕೆರೆಗಳನ್ನು ಹಾದು, ಬೆಳ್ಳಂದೂರಿನ ಮಾರ್ಗವಾಗಿ ದಕ್ಷಿಣ ಪಿನಾಕಿನಿಯನ್ನು ಮುಟ್ಟುತ್ತದೆ. ಆ ತಗ್ಗಿನಲ್ಲಿರುವ ಬಿ.ಟಿ.ಎಂ. ಬಡಾವಣೆಯ ಹೆಸರನ್ನು ಬಿಡಿಸಿದರೆ ಬೈರಸಂದ್ರ, ತಾವರೆಕೆರೆ, ಮಡಿವಾಳ ಎಂದಾಗುತ್ತದೆ. ಮೊದಲನೆಯದರಲ್ಲಿ ಸಮುದ್ರವೇ ಅಡಗಿದೆ, ಎರಡನೆಯದರಲ್ಲಿ ಕೆರೆಯಿದೆ, ಮೂರನೆಯ ಊರಿನ ಕೆರೆಯಂತೂ ಇಂದಿಗೂ ಕಣ್ಣೆದುರಿಗಿದೆ. ಇಂತಹ ಸೀಮೆಯಲ್ಲಿ ಮನೆ ಕಟ್ಟಿಸುವವನು, ಬಾಗಿಲು ಯಾವ ದಿಕ್ಕಿಗಿರಬೇಕೆಂದು ವಿಚಾರಿಸುವುದಕ್ಕೆ ಮೊದಲು, ನೀರು ಯಾವ ದಿಕ್ಕಿನಿಂದ ಬರುತ್ತದೆಂದು ವಿಚಾರಿಸಬೇಕು.

ಅದಕ್ಕೆ ಉತ್ತರ ಕೊಡುವುದು ಸಮೋನ್ನತಿ ರೇಖೆ. ಸಮಾನ ಎತ್ತರದ ಬಿಂದುಗಳನ್ನು ಕೂಡಿಸುವ ಗೆರೆಗೆ ಈ ಹೆಸರು. ಬೇಸಿಗೆಯಲ್ಲಿ ಕೆರೆ ಬತ್ತುತ್ತಾ ಹೋದಂತೆ ದಡದಲ್ಲಿ ಸುತ್ತು ಸುತ್ತಾಗಿ ಉಳಿಯುವ ಕೆಸರಿನ ಗುರುತುಗಳು ಪ್ರಕೃತಿಯೇ ಬರೆದ ಸಮೋನ್ನತಿ ರೇಖೆಗಳಲ್ಲವೆ? ಸ್ಕಾಟ್ಲೆಂಡಿನ ಶಿಹಾಲಿಯನ್ ಬೆಟ್ಟದಲ್ಲಿ, ಭೂಮಿಯ ತೂಕವನ್ನು ಅರಿಯಲೆಂದು 1774ರಲ್ಲಿ ಆರಂಭವಾದ ಪ್ರಯೋಗದ ಲೆಕ್ಕವನ್ನು ಬಿಡಿಸುವಾಗ, ಚಾರ್ಲ್ಸ್ ಹಟನ್ ಎಂಬ ಗಣಿತಜ್ಞನು ಈ ಉಪಾಯವನ್ನು ಬಳಸಿದನು.

ಹಟನ್ ಕೈಯಿಂದ ಮಾಡಿದ ಕೆಲಸವನ್ನು ಇಂದು ವಾಸ್ತುಶಿಲ್ಪಿಯ ಗಣಕಯಂತ್ರ ಕ್ಷಣಮಾತ್ರದಲ್ಲಿ ಮುಗಿಸುತ್ತದೆ. ಎತ್ತರ ತಿಳಿದಿರುವ ಬಿಂದುಗಳನ್ನು ಅದಕ್ಕೆ ಒಪ್ಪಿಸಿದರೆ, ಅವನ್ನು ತ್ರಿಕೋನಗಳಾಗಿ ಹೆಣೆದು ನೆಲದ ಪ್ರತಿಕೃತಿಯೊಂದನ್ನು ರಚಿಸಿ, ಅದನ್ನು ಸಮಮಟ್ಟವಾಗಿ ಹೋಳು ಹೋಳಾಗಿ ಕತ್ತರಿಸುತ್ತದೆ. 10 ಮೀಟರ್ ದೂರದ ಎರಡು ಬಿಂದುಗಳ ಎತ್ತರ 900.20 ಮತ್ತು 901.00 ಮೀಟರ್ ಎನ್ನೋಣ. 900.50ರ ಗೆರೆ ಮೊದಲ ಬಿಂದುವಿನಿಂದ 3.75 ಮೀಟರಿನಲ್ಲಿ ಹಾಯಬೇಕೆಂದು ತ್ರೈರಾಶಿಕ ಬಲ್ಲ ಹುಡುಗನೂ ಹೇಳಬಲ್ಲನು. ಯಂತ್ರದ ಜಾಣ್ಮೆ ಇಷ್ಟೇ. ನಡುವೆ ಹಳ್ಳವಿತ್ತೋ ದಿಬ್ಬವಿತ್ತೋ ಅದಕ್ಕೆ ತಿಳಿಯದು. ನೇರವಾದ ಇಳಿಜಾರೆಂದೇ ಅದರ ನಂಬಿಕೆ.

ಆದುದರಿಂದ ಬಿಂದುಗಳು ಎಲ್ಲಿಂದ ಬಂದವೆಂಬುದೇ ಮುಖ್ಯ. ಅನೇಕ ವೇಳೆ ಅವು ಆಕಾಶದಿಂದ ಬರುತ್ತವೆ. 2000ದ ಫೆಬ್ರವರಿಯಲ್ಲಿ ಎಂಡೆವರ್ ಎಂಬ ಅಮೆರಿಕದ ಗಗನನೌಕೆ 11 ದಿನಗಳ ಯಾನದಲ್ಲಿ ರೇಡಾರಿನಿಂದ ಭೂಮಿಯ ಬಹುಭಾಗವನ್ನು ಅಳೆಯಿತು. ನಮ್ಮ ಇಸ್ರೋ ಸಂಸ್ಥೆ 2005ರಲ್ಲಿ ಹಾರಿಸಿದ ಕಾರ್ಟೊಸ್ಯಾಟ್–1 ಉಪಗ್ರಹದ ಚಿತ್ರಗಳಿಂದಲೂ ಇಂತಹದೇ ಪ್ರತಿಕೃತಿ ಸಿದ್ಧವಾಯಿತು. ಎರಡೂ ಸ್ತುತ್ಯ ಸಾಹಸಗಳೇ ಸರಿ. ನದಿಯ ಜಲಾನಯನವನ್ನು ಗುರುತಿಸಲು ಅವು ಬಹು ಉಪಯುಕ್ತ. ಆದರೆ ಸಾರ್ವಜನಿಕರಿಗೆ ಉಚಿತವಾಗಿ ದೊರೆಯುವ ಮಾಹಿತಿಯಲ್ಲಿ ಸುಮಾರು 30 ಮೀಟರಿಗೊಂದು ಎತ್ತರವಿರುತ್ತದೆ. ಅಂದರೆ 900 ಚದರ ಮೀಟರಿಗೆ ಒಂದೇ ಅಂಕಿ. ಜಯನಗರದ ಅರವತ್ತು–ನಲವತ್ತರ ನಿವೇಶನ ಸುಮಾರು 223 ಚದರ ಮೀಟರ್. ನಾಲ್ಕು ಮನೆಗಳಿಗೆ ಸೇರಿ ಒಂದು ಎತ್ತರ! ಅದೂ ಬರಿಯ ನೆಲದ್ದೆಂಬ ಭರವಸೆಯಿಲ್ಲ. ಮರದ ನೆತ್ತಿಯೂ ಮಹಡಿಯ ಮಾಳಿಗೆಯೂ ಲೆಕ್ಕದಲ್ಲಿ ಬೆರೆತಿರುತ್ತವೆ. ಸಾಲುಮರಗಳ ಬೀದಿಯೊಂದು ಇಲ್ಲದ ಗುಡ್ಡವಾಗಿ ನಕ್ಷೆಯಲ್ಲಿ ಉಬ್ಬಿದರೆ ಆಶ್ಚರ್ಯವಿಲ್ಲ.

ಇಷ್ಟು ವಿರಳವಾದ ಅಂಕಿಗಳನ್ನಿಟ್ಟುಕೊಂಡು, 10 ಸೆಂಟಿಮೀಟರಿಗೊಂದು ಗೆರೆ ಎಳೆಯೆಂದರೆ ಯಂತ್ರ ಬೇಡವೆನ್ನುವುದಿಲ್ಲ. ನಯವಾದ, ಒತ್ತೊತ್ತಾದ, ನೋಡಲು ಮನೋಹರವಾದ ಗೆರೆಗಳು ಹಾಳೆಯನ್ನು ತುಂಬುತ್ತವೆ. ಕಟ್ಟಿಸುವಾತ ಅವನ್ನು ಕಂಡು ತಲೆದೂಗುತ್ತಾನೆ. ಗೆರೆ ಹೆಚ್ಚಿತೇ ಹೊರತು ತಿಳಿವಳಿಕೆ ಹೆಚ್ಚಲಿಲ್ಲ. ಬಡಾವಣೆಯ ತಗ್ಗಿನಲ್ಲಿ ಮಳೆಯ ನೀರು ಹೊಸಲು ದಾಟುವುದೋ ಇಲ್ಲವೋ ಎಂಬುದು ಅರ್ಧ ಮೀಟರಿನ ವ್ಯವಹಾರ. ಆ ಅರ್ಧ ಮೀಟರೇ ಇಲ್ಲಿ ಊಹೆ.

ಪರಿಹಾರವೇನೂ ದುಬಾರಿಯಲ್ಲ. ಮೋಜಣಿದಾರನೊಬ್ಬ ಮಟ್ಟದ ಯಂತ್ರವನ್ನೂ ಅಳತೆಯ ಕೋಲನ್ನೂ ಹಿಡಿದು, 12 ಮೀಟರ್ ಅಗಲ, 18 ಮೀಟರ್ ಉದ್ದದ ನಿವೇಶನದಲ್ಲಿ 3 ಮೀಟರಿಗೊಂದರಂತೆ ಗುರುತಿಸಿದರೆ 35 ಬಿಂದುಗಳಾಗುತ್ತವೆ. ಒಂದು ಬೆಳಗಿನ ಕೆಲಸ. ಚಿಕ್ಕ ಜಾಗವಾದರೆ ಗಾರೆ ಕೆಲಸದವರು ನೀರು ತುಂಬಿದ ಪಾರದರ್ಶಕ ಕೊಳವೆಯಿಂದಲೇ ಮಟ್ಟ ನೋಡುವುದುಂಟು. ಆ ಅಂಕಿಗಳನ್ನು ಗಣಕಯಂತ್ರಕ್ಕೆ ಕೊಟ್ಟಾಗ ಅದೇ ತ್ರಿಕೋನ, ಅದೇ ತ್ರೈರಾಶಿಕ ನಂಬಲರ್ಹವಾದ ಗೆರೆಗಳನ್ನು ಬರೆಯುತ್ತವೆ.

ಅಳೆಯುವಾಗ ಬೇಲಿಯೊಳಗೇ ನಿಲ್ಲದೆ, ರಸ್ತೆಯ ನಡುಮಟ್ಟವನ್ನೂ ಎದುರಿನ ಚರಂಡಿಯ ತಳವನ್ನೂ ಬರೆದುಕೊಳ್ಳತಕ್ಕದ್ದು. ಡಾಂಬರಿನ ಮೇಲೆ ಡಾಂಬರು ಬಿದ್ದು ರಸ್ತೆಯೇ ಅಂಗಳಕ್ಕಿಂತ ಎತ್ತರವಾದ ಬೀದಿಗಳು ಬೆಂಗಳೂರಿನಲ್ಲಿ ಅಪರೂಪವಲ್ಲ. ಮನೆಯ ನೆಲಗಟ್ಟಿನ ಮಟ್ಟವನ್ನು ನಿಶ್ಚಯಿಸುವಾಗ ಮುಂದಿನ ಡಾಂಬರಿಗೂ ಒಂದಿಷ್ಟು ಅಂತರ ಬಿಡುವುದು ಮೇಲು.